ಹೊಲಿಗೆ ಒಣಗಿತು, ನೋವು ಒಣಗಲಿಲ್ಲ

ನಮ್ಮ ಜನಕ್ಕೆ ಜಮೀನಿಲ್ಲ, ಅಂಗಡಿ ಇಲ್ಲ. ಇರುವ ಬಂಡವಾಳ ಅಂದರೆ ಬೆನ್ನು. ಮಂಡಿಯಲ್ಲಿ ಮೂಟೆ ಹೊತ್ತದ್ದು ಆ ಬೆನ್ನು. ಗದ್ದೆಯಲ್ಲಿ ನಾಟಿಗೆ ದಿನವಿಡೀ ಬಗ್ಗಿದ್ದು ಆ ಬೆನ್ನು. ಕಲ್ಲು ಕ್ವಾರಿಯಲ್ಲಿ, ಇಟ್ಟಿಗೆ ಗೂಡಿನಲ್ಲಿ, ಪಟ್ಟಣದ ಚರಂಡಿಯಲ್ಲಿ ಸವೆದದ್ದೂ ಅದೇ. ನೀವು ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ನೋಟ್ಸ್ ತಿರುವುತ್ತಿದ್ದೀರಿ ಅಂದರೆ ಊರಲ್ಲಿ ಯಾರದೋ ಬೆನ್ನು ಬಗ್ಗಿದೆ ಅಂತಲೇ ಅರ್ಥ. ಒಂದು ದಿನ ಆ ಬೆನ್ನು ಇನ್ನಾಗಲ್ಲ ಅನ್ನುತ್ತದೆ. ಆಗ ಊರಿಂದ ಫೋನು ಬರುತ್ತದೆ: “ಅಪ್ಪಂಗೆ ಡಿಸ್ಕ್ ಜರುಗೈತಂತೆ, ಆಪರೇಷನ್ ಮಾಡ್ಬೇಕಂತೆ. ನೀನು ಓದ್ದೋನು, ಒಸಿ ಬಾ.”

ಈ ಸಲದ ಸಂಪಾದಕೀಯ ಆ ಫೋನು ಬರುವ ಗೆಳೆಯರಿಗಾಗಿ.

ಆಪರೇಷನ್ ಬೇಡ ಅಂತ ಹೆದರಿಸುವುದಕ್ಕೆ ನಾವು ಬರೆಯುತ್ತಿಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ನಾವು ಹೇಳಹೊರಟಿರುವುದು ಆಪರೇಷನ್ ಆದ ಮೇಲೆ ಕೆಲವರಿಗೆ ಬರುವ ಒಂದು ತೊಂದರೆಯ ಬಗ್ಗೆ. ಡಿಸ್ಕ್ ತೆಗೆದ ಜಾಗಕ್ಕೆ ನಂಜು ಹತ್ತುವುದು. ಡಾಕ್ಟರುಗಳು ಇದನ್ನು ಡಿಸ್ಕೈಟಿಸ್ ಅನ್ನುತ್ತಾರೆ. ಇದು ಎಲ್ಲರಿಗೂ ಬರುವಂಥದ್ದಲ್ಲ. ಬೇರೆ ಬೇರೆ ಆಸ್ಪತ್ರೆಗಳ ವರದಿಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತಲೂ ಇದೆ, ಮೂರು ನಾಲ್ಕು ಅಂತಲೂ ಇದೆ. ಆದರೆ ಬಂದವನಿಗೆ ಅದು ನೂರಕ್ಕೆ ನೂರು. ಈ ರೋಗದ್ದು ಇನ್ನೊಂದು ಗುಣ ಇದೆ, ನಾವು ಬರೆಯುವುದಕ್ಕೆ ಅದೇ ಕಾರಣ. ಇದರಲ್ಲಿ ಗಾಯ ಮಾತಾಡುವುದಕ್ಕೆ ಮುಂಚೆ, ಜ್ವರ ಮಾತಾಡುವುದಕ್ಕೆ ಮುಂಚೆ, ಎಕ್ಸ್‌ರೇ ಮಾತಾಡುವುದಕ್ಕೆ ಮುಂಚೆ ರೋಗಿಯ ಬಾಯಿ ಮಾತಾಡುತ್ತದೆ. ಯಾರ ಬಾಯಿಮಾತಿಗೆ ಎಲ್ಲೂ ಬೆಲೆ ಇಲ್ಲವೋ ಅವರ ಕಾಯಿಲೆ ಇಲ್ಲಿ ತಡವಾಗಿ ಗೊತ್ತಾಗುತ್ತದೆ.

ಮೊದಲು ಡಿಸ್ಕ್ ಅಂದರೇನು ನೋಡೋಣ. ನಮ್ಮ ಬೆನ್ನುಹುರಿಯ ಮೂಳೆ ಒಂದೇ ಕೋಲಲ್ಲ. ಮಣಿ ಪೋಣಿಸಿದ ಹಾಗೆ ಒಂದರ ಮೇಲೊಂದು ಮೂಳೆ. ಎರಡು ಮೂಳೆಗಳ ನಡುವೆ ಒಂದು ಮೆತ್ತೆ. ಅದರ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ನಾರು ಹರಿದು ತಿರುಳು ಹೊರಗೆ ಬಂದು ಪಕ್ಕದ ನರವನ್ನು ಒತ್ತಿದಾಗ ಸೊಂಟದಿಂದ ಪಾದದ ತನಕ ಕರೆಂಟು ಹೊಡೆದಂಥ ನೋವು. ಕಾಲು ನೋವಿಗೂ ಈ ಡಿಸ್ಕಿಗೂ ಇರುವ ಸಂಬಂಧವನ್ನು 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಅನ್ನುವ ಇಬ್ಬರು ಡಾಕ್ಟರುಗಳು ಸ್ಪಷ್ಟವಾಗಿ ತೋರಿಸಿದರು. ಅಲ್ಲಿಂದ ಈ ಆಪರೇಷನ್ ಲೋಕದ ತುಂಬ ಹರಡಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಡಿಸ್ಕ್ ಜರುಗಿದವರಲ್ಲಿ ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ನಾರ್ವೆ ದೇಶದ ವೆಬರ್ ಅನ್ನುವ ಡಾಕ್ಟರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮಾಡಿ ಇನ್ನೊಂದಕ್ಕೆ ಮಾಡದೆ ಹತ್ತು ವರ್ಷ ಹಿಂಬಾಲಿಸಿ 1983ರಲ್ಲಿ ಲೆಕ್ಕ ಕೊಟ್ಟರು. ಒಂದು ವರ್ಷಕ್ಕೆ ನೋಡಿದಾಗ ಆಪರೇಷನ್ ಆದವರು ಮೇಲಿದ್ದರು. ಹತ್ತು ವರ್ಷಕ್ಕೆ ನೋಡಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಕಾಲು ಸೋಲುತ್ತಿದ್ದರೆ, ಉಚ್ಚೆ ಕಟ್ಟಿದರೆ ತಡಮಾಡಬಾರದು. ಅಂಥದ್ದೇನೂ ಇಲ್ಲದಿದ್ದರೆ “ಇನ್ನೊಂದಿಷ್ಟು ವಾರ ಕಾಯಬಹುದಾ?” ಅಂತ ಕೇಳುವುದು ತಪ್ಪಲ್ಲ. ಮಾಡಿಸದ ಆಪರೇಷನ್ನಿಗೆ ನಂಜು ಹತ್ತುವುದಿಲ್ಲ.

ಈಗ ನಂಜಿನ ವಿಚಾರ. ದೊಡ್ಡವರ ಡಿಸ್ಕಿನ ತಿರುಳಿಗೆ ರಕ್ತನಾಳವೇ ಹೋಗುವುದಿಲ್ಲ. ಮೇಲಿನ ಮೂಳೆ ಕೆಳಗಿನ ಮೂಳೆಯಿಂದ ಜಿನುಗುವ ರಸದಿಂದಲೇ ಅದು ಬದುಕಬೇಕು. ರಕ್ತ ಇಲ್ಲದ ಕಡೆಗೆ ನಂಜಿನ ಜೊತೆ ಹೋರಾಡುವ ಬಿಳಿ ರಕ್ತಕಣ ಹೋಗುವುದು ಕಷ್ಟ, ನಾವು ನುಂಗಿದ ಔಷಧ ಹೋಗುವುದೂ ಕಷ್ಟ. ಊರಿಗೆ ರಸ್ತೆ ಇಲ್ಲದಿದ್ದರೆ ಆಂಬುಲೆನ್ಸ್ ಬರುವುದಿಲ್ಲವಲ್ಲ, ಹಾಗೆ. ಆಪರೇಷನ್ ಹೊತ್ತಿನಲ್ಲಿ ಚರ್ಮದಿಂದಲೋ, ಉಪಕರಣದಿಂದಲೋ, ಕೈಯಿಂದಲೋ ನಾಲ್ಕು ರೋಗಾಣು ಆ ಜಾಗಕ್ಕೆ ಇಳಿದರೆ ಅವಕ್ಕೆ ಅದು ನಿಶ್ಚಿಂತೆಯ ಮನೆ. ಹೆಚ್ಚಾಗಿ ಸಿಗುವುದು ಸ್ಟೆಫೈಲೋಕಾಕಸ್ ಆರಿಯಸ್, ನಮ್ಮ ನಿಮ್ಮ ಮೂಗಿನಲ್ಲಿ, ಚರ್ಮದ ಮೇಲೆ ಇರುವ ಅದೇ ರೋಗಾಣು. ಅವು ಅಲ್ಲೇ ಬೆಳೆದು ಡಿಸ್ಕನ್ನು ತಿಂದು, ಆಮೇಲೆ ಮೇಲಿನ ಕೆಳಗಿನ ಮೂಳೆಯನ್ನು ಕೊರೆಯುತ್ತವೆ.

ಲಕ್ಷಣ ಹೀಗಿರುತ್ತದೆ, ಗಮನವಿಟ್ಟು ಓದಿ. ಆಪರೇಷನ್ ಆದ ತಕ್ಷಣ ಕಾಲಿನ ನೋವು ಹೋಗುತ್ತದೆ. ಮನೆಯವರಿಗೆ ಖುಷಿ. ರೋಗಿ ನಡೆಯುತ್ತಾನೆ, ಮನೆಗೆ ಬರುತ್ತಾನೆ. ಒಂದರಿಂದ ನಾಲ್ಕು ವಾರದೊಳಗೆ ಮತ್ತೆ ನೋವು. ಈ ಸಲ ಕಾಲಿನದ್ದಲ್ಲ, ನಡು ಬೆನ್ನಿನದ್ದು. ಮುಂಚಿನ ನೋವಿನ ಹಾಗೆ ಮಲಗಿದರೆ ಕಡಿಮೆ ಆಗುವಂಥದ್ದೂ ಅಲ್ಲ. ರಾತ್ರಿ ಹೆಚ್ಚು. ಮಗ್ಗಲು ಬದಲಾಯಿಸಲಾರ. ಯಾರಾದರೂ ಮಂಚಕ್ಕೆ ತಾಗಿದರೆ ಸಾಕು, ಕಿರುಚಿಕೊಳ್ಳುತ್ತಾನೆ. ಬೆನ್ನಿನ ಸ್ನಾಯು ಹಲಗೆಯ ಹಾಗೆ ಬಿಗಿದಿರುತ್ತದೆ. ಇಷ್ಟೆಲ್ಲ ಇದ್ದರೂ ಎಷ್ಟೋ ಮಂದಿಗೆ ಜ್ವರ ಇರುವುದಿಲ್ಲ. ಹೊಲಿಗೆ ಒಣಗಿರುತ್ತದೆ, ಕೀವಿಲ್ಲ, ಕೆಂಪಿಲ್ಲ. ಎಕ್ಸ್‌ರೇ ತೆಗೆದರೆ ಮೊದಲ ವಾರಗಳಲ್ಲಿ ಏನೂ ಕಾಣುವುದಿಲ್ಲ.

ಈಗ ಹೇಳಿ, ಒಬ್ಬ ಹಮಾಲಿ ಇಂಥ ನೋವು ಇಟ್ಟುಕೊಂಡು ಮತ್ತೆ ಆಸ್ಪತ್ರೆಗೆ ಹೋದರೆ ಅವನಿಗೆ ಸಿಗುವ ಉತ್ತರ ಏನು? “ಗಾಯ ಚೆನ್ನಾಗೇ ಒಣಗಿದೆಯಲ್ಲಪ್ಪ.” “ಕೊಯ್ದ ಮೇಲೆ ನೋವಿರಲ್ವಾ?” “ಸ್ವಲ್ಪ ತಡ್ಕೋಬೇಕು.” ಒಂದು ಚೀಟಿ ನೋವಿನ ಮಾತ್ರೆ. ಮನೆಗೆ ಬಂದರೆ ಅಲ್ಲೂ ಮಾತು: “ಕೆಲ್ಸಕ್ಕೋಗೋಕೆ ಮೈಗಳ್ಳತನ.” ಹೆಂಗಸಾದರಂತೂ ಕೇಳುವುದೇ ಬೇಡ, ‘ನಾಟಕ’ ಅನ್ನುವ ಪದ ಸಿದ್ಧವಾಗಿಯೇ ಇರುತ್ತದೆ. ಹೀಗೆ ಒಂದು ವಾರ, ಎರಡು ವಾರ, ಒಂದು ತಿಂಗಳು ಕಳೆಯುತ್ತದೆ. ರೋಗಾಣು ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ.

ಬಡವರ ಆಸ್ಪತ್ರೆಯಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬೆನ್ನಿನ ಆಪರೇಷನ್ನಿನ ನಂಜು ಯಾರನ್ನೂ ಬಿಟ್ಟಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರ ಕತೆ ನೋಡಿ. 1944ರಲ್ಲಿ ಅವರಿಗೆ ಡಿಸ್ಕಿನ ಆಪರೇಷನ್ ಆಯಿತು, ನೋವು ಹೋಗಲಿಲ್ಲ. ಸೆನೆಟರ್ ಆಗಿದ್ದಾಗ 1954ರ ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಮತ್ತೆ ಆಪರೇಷನ್. ಈ ಸಲ ಸೊಂಟದ ಮೂಳೆಗಳನ್ನು ಲೋಹದ ಪಟ್ಟಿ ಹಾಕಿ ಕೂಡಿಸಿದರು. ಅವರಿಗೆ ಅಡ್ರಿನಲ್ ಗ್ರಂಥಿಯ ಅಡಿಸನ್ ಕಾಯಿಲೆ ಇತ್ತು, ಅದಕ್ಕಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರು. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಮೂತ್ರದ ಸೋಂಕು ಹತ್ತಿ ಪ್ರಜ್ಞೆ ತಪ್ಪಿತು. ಪಾದ್ರಿಯನ್ನು ಕರೆಸಿ ಅಂತ್ಯಕಾಲದ ಪ್ರಾರ್ಥನೆಯನ್ನೂ ಮಾಡಿಸಿದರು. ಬದುಕಿಕೊಂಡರು, ಆದರೆ ಬೆನ್ನಿನ ಗಾಯಕ್ಕೂ ನಂಜು. 1955ರ ಫೆಬ್ರವರಿಯಲ್ಲಿ ಮತ್ತೆ ಕೊಯ್ದು ಆ ಪಟ್ಟಿಯನ್ನೇ ತೆಗೆಯಬೇಕಾಯಿತು. 1957ರಲ್ಲಿ ಅದೇ ಜಾಗದಲ್ಲಿ ಕೀವು ಕಟ್ಟಿ ಮತ್ತೊಮ್ಮೆ ಕೊಯ್ದರು.

ಅಷ್ಟು ದೊಡ್ಡ ಮನೆತನ, ಅಷ್ಟು ದೊಡ್ಡ ಆಸ್ಪತ್ರೆ. ಆದರೂ ನಂಜು ಬಂತು. ನಂಜು ಬರುವುದರಲ್ಲಿ ಸಮಾನತೆ ಇದೆ ಅನ್ನೋಣ. ಬಂದ ಮೇಲಿನದ್ದರಲ್ಲಿ ಇಲ್ಲ. ಕೆನಡಿ ತಿಂಗಳುಗಟ್ಟಲೆ ಮಲಗಬಹುದಾಗಿತ್ತು. ಮಲಗಿದ್ದಲ್ಲೇ ಒಂದು ಪುಸ್ತಕದ ಕೆಲಸ ನಡೆಸಿದರು, ಅದಕ್ಕೆ 1957ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ನೋವು ಅಂದಾಗ ಅವರ ಸುತ್ತ ಡಾಕ್ಟರುಗಳು ನಿಂತರು. ನಮ್ಮ ಹಮಾಲಿ ನೋವು ಅಂದಾಗ ಬಸ್ಸಿನ ಚಾರ್ಜು ಲೆಕ್ಕ ಹಾಕಬೇಕು, ಆ ದಿನದ ಕೂಲಿ ಬಿಡಬೇಕು, ಜೊತೆಗೆ ಬರುವವನ ಕೂಲಿಯನ್ನೂ ಬಿಡಿಸಬೇಕು. ಆದ್ದರಿಂದ ಅವನು ನೋವು ಅನ್ನುವುದೇ ಕಡಿಮೆ. ಅಂದರೂ ನಂಬುವವರು ಕಡಿಮೆ.

ಹಾಗಾದರೆ ಅವನ ಮಾತನ್ನು ಪರೀಕ್ಷಿಸುವ ದಾರಿ ಇಲ್ಲವೇ? ಇದೆ. ಅದು ದೊಡ್ಡ ಖರ್ಚಿನದ್ದೂ ಅಲ್ಲ. ಸಿ.ಆರ್.ಪಿ. ಅಂತ ಒಂದು ರಕ್ತ ಪರೀಕ್ಷೆ, ಜೊತೆಗೆ ಇ.ಎಸ್.ಆರ್. ಅಂತ ಇನ್ನೊಂದು. ಯಾವ ಆಪರೇಷನ್ ಆದರೂ ಸಿ.ಆರ್.ಪಿ. ಎರಡು ಮೂರನೇ ದಿನಕ್ಕೆ ಏರುತ್ತದೆ. ಎಲ್ಲ ಸರಿಯಿದ್ದರೆ ಸುಮಾರು ಎರಡು ವಾರದೊಳಗೆ ಮಾಮೂಲಿಗೆ ಇಳಿಯುತ್ತದೆ. ಇ.ಎಸ್.ಆರ್. ಇಳಿಯುವುದಕ್ಕೆ ಇನ್ನೂ ಹಲವು ವಾರ ಬೇಕು. ಇಳಿಯಬೇಕಾದ ಸಿ.ಆರ್.ಪಿ. ಇಳಿಯದೆ ಕೂತಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಒಳಗೆ ಏನೋ ನಡೆದಿದೆ ಅಂತ ಅನುಮಾನ ಪಡಬೇಕು. ಆಮೇಲೆ ಎಂ.ಆರ್.ಐ. ಎಕ್ಸ್‌ರೇಗಿಂತ ಎಷ್ಟೋ ಮುಂಚೆ ಅದು ನಂಜನ್ನು ತೋರಿಸುತ್ತದೆ. ಆಪರೇಷನ್ ಆದ ಹೊಸದರಲ್ಲಿ ಕೊಯ್ದ ಜಾಗವೂ ಎಂ.ಆರ್.ಐ.ನಲ್ಲಿ ಕೆದಕಿದ ಹಾಗೆ ಕಾಣುವುದರಿಂದ, ರಕ್ತದ ಲೆಕ್ಕ, ಚಿತ್ರ ಮತ್ತು ರೋಗಿಯ ಮಾತು ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು. ಮೂರರಲ್ಲಿ ಮೊದಲು ಬರುವುದು ಮಾತು ಅನ್ನುವುದನ್ನು ಮರೆಯಬೇಡಿ. “ನೋವು ಬೇರೆ ಥರ ಆಗ್ತೈತೆ” ಅಂತ ಅವನು ಹೇಳದಿದ್ದರೆ, ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದಿದ್ದರೆ, ಆ ರಕ್ತವನ್ನು ಪರೀಕ್ಷೆಗೆ ಬರೆಯುವವರು ಯಾರು?

ನಂಜು ಅಂತ ಗೊತ್ತಾದ ಮೇಲೆ ಇನ್ನೊಂದು ಅಪಾಯ ಇದೆ: ಕಣ್ಣುಮುಚ್ಚಿ ಔಷಧ ಕೊಡುವುದು. ಯಾವ ರೋಗಾಣು ಅಂತ ತಿಳಿಯಬೇಕಾದರೆ ರಕ್ತವನ್ನು ಕಲ್ಚರಿಗೆ ಕಳಿಸಬೇಕು, ಬೇಕಾದರೆ ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ಡಿಸ್ಕಿನಿಂದಲೇ ಚೂರು ತೆಗೆಯಬೇಕು. ಅದಕ್ಕೆ ಮುಂಚೆಯೇ ಆಂಟಿಬಯಾಟಿಕ್ ನುಂಗಿಸಿದರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಕಾಲು ಸೋತಿಲ್ಲ, ರೋಗಿಗೆ ಜೀವಾಪಾಯ ಇಲ್ಲ ಅಂದರೆ ಮೊದಲು ಮಾದರಿ, ಆಮೇಲೆ ಮದ್ದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಸಾಮಾನ್ಯವಾದ್ದರಿಂದ ಮಾದರಿ ಇಲ್ಲದೆ ಕ್ಷಯದ ಮಾತ್ರೆ ಶುರುಮಾಡುವುದೂ ಉಂಟು. ಕ್ಷಯವೇ ಆಗಿದ್ದರೆ ಆ ಮಾತ್ರೆ ಬೇಕೇ ಬೇಕು. ಸ್ಟೆಫೈಲೋಕಾಕಸ್ ಆಗಿದ್ದರೆ ಮದ್ದೇ ಬೇರೆ. ನೀರಿನಿಂದ, ಸರಿಯಾಗಿ ಶುದ್ಧಿಯಾಗದ ಉಪಕರಣದಿಂದ ಬರುವ, ಕ್ಷಯದ ದಾಯಾದಿಯಂಥ ರೋಗಾಣುಗಳೂ ಇವೆ. ಅವಕ್ಕೆ ಮಾಮೂಲಿ ಕ್ಷಯದ ಮಾತ್ರೆ ಸಾಲುವುದಿಲ್ಲ.

ಸರಿಯಾದ ಮದ್ದು ಸಿಕ್ಕರೆ ಬಹುಮಂದಿ ಎರಡನೇ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತಾರೆ. ಮೊದಮೊದಲು ನರಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ, ಜೊತೆಗೆ ಸೊಂಟದ ಬೆಲ್ಟು ಮತ್ತು ವಿಶ್ರಾಂತಿ. ಎಷ್ಟು ದಿನ? ಬೆನ್ನುಮೂಳೆಯ ನಂಜಿಗೆ ಆರು ವಾರದ ಔಷಧ ಹನ್ನೆರಡು ವಾರದ್ದಕ್ಕೆ ಕಡಿಮೆಯೇನಲ್ಲ ಅಂತ ಫ್ರಾನ್ಸಿನಲ್ಲಿ ನಡೆದ ಪ್ರಯೋಗ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೆಲವರಿಗೆ ಹೆಚ್ಚು ಬೇಕಾಗಬಹುದು. ಕೀವು ಕಟ್ಟಿ ನರವನ್ನು ಒತ್ತಿದರೆ, ಮೂಳೆ ಕುಸಿದರೆ, ಮದ್ದು ನಾಟದಿದ್ದರೆ ಮತ್ತೆ ಕೊಯ್ಯಬೇಕು. ಆರು ವಾರ ಅಂದರೆ ನಲವತ್ತೆರಡು ದಿನ ಕೂಲಿ ಇಲ್ಲ ಅಂತ ಅರ್ಥ. ಎರಡನೇ ವಾರಕ್ಕೆ ನೋವು ಇಳಿದಾಗ ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುವುದು ಸೋಮಾರಿತನದಿಂದಲ್ಲ, ಹಸಿವಿನಿಂದ. ಆದರೆ ಬಿಟ್ಟ ಮಾತ್ರೆಯ ಬೆಲೆಯನ್ನು ಅದೇ ಬೆನ್ನು ತೆರಬೇಕಾಗುತ್ತದೆ. ಆ ಆರು ವಾರ ಅವನ ಮನೆಯ ಒಲೆ ಹೇಗೆ ಉರಿಯಬೇಕು ಅನ್ನುವುದು ಡಾಕ್ಟರ ಚೀಟಿಯಲ್ಲಿ ಬರೆಯದ ಮದ್ದು. ಅದನ್ನು ಕೇರಿಯವರು, ಸಂಘದವರು, ನಾವು ನೀವು ಯೋಚಿಸಬೇಕು.

ಇನ್ನು ನಂಜು ಬಾರದ ಹಾಗೆ ನೋಡಿಕೊಳ್ಳುವ ವಿಚಾರ. ಇದರಲ್ಲಿ ಒಂದು ಹಳೆಯ ಕತೆ ನಮಗೆ ಗೊತ್ತಿರಬೇಕು. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಡಾಕ್ಟರುಗಳು, ಡಾಕ್ಟರಿ ಓದುವ ಹುಡುಗರು ನೋಡುವ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದಾರೆ ಅಂತ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಕಂಡುಹಿಡಿದು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಸಾವು ಇಳಿಯಿತು. ಆದರೂ ದೊಡ್ಡವರು ಅನೇಕರು ಒಪ್ಪಲಿಲ್ಲ, ನಮ್ಮ ಕೈ ಕೊಳಕೇ ಅಂತ ಅವರಿಗೆ ಅವಮಾನ. ಮಡಿ ಬೇರೆ, ಶುಚಿ ಬೇರೆ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಿ ಕೇಳುವುದು ‘ಯಾರು ಮುಟ್ಟಿದರು’ ಅಂತ. ಶುಚಿ ಕೇಳುವುದು ‘ಮುಟ್ಟುವ ಮುಂಚೆ ಕೈ ತೊಳೆದರಾ’ ಅಂತ. ಆಪರೇಷನ್ ಥಿಯೇಟರಿನ ನೆಲ ಒರೆಸುವವರು, ಉಪಕರಣ ತೊಳೆದು ಆಟೋಕ್ಲೇವಿಗೆ ಇಡುವವರು ಬಹಳ ಕಡೆ ಗುತ್ತಿಗೆ ಕೆಲಸಗಾರರು. ಅವರಿಗೆ ಗ್ಲೌಸು, ತರಬೇತಿ, ಹೊತ್ತಿಗೆ ಸಂಬಳ ಕೊಡದೆ ನಂಜಿಲ್ಲದ ಥಿಯೇಟರ್ ಬೇಕು ಅನ್ನುವುದು ಯಾವ ನ್ಯಾಯ?

ಫೋನು ಬಂದು ನೀವು ಆಸ್ಪತ್ರೆಗೆ ಹೋದಾಗ ಇಷ್ಟನ್ನು ನೋಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಆಪರೇಷನ್ನಿಗೆ ಮುಂಚೆ ಅದು ಹತೋಟಿಗೆ ಬಂದಿದೆಯಾ ಕೇಳಿ. ಊರಲ್ಲಿ ಯಾರೋ ಬೆನ್ನು ನೋವಿಗೆ ಕೊಟ್ಟ ಇಂಜೆಕ್ಷನ್, ಹೆಸರಿಲ್ಲದ ಮಾತ್ರೆ ಇದ್ದರೆ ಮುಚ್ಚಿಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಅದು ನಂಜಿಗೆ ಬಾಗಿಲು ತೆಗೆಯುತ್ತದೆ. ಬೀಡಿ ಬಿಡಿಸಿ. ಹಿಂದಿನ ದಿನ ಅಥವಾ ಆ ದಿನ ಬೆಳಿಗ್ಗೆ ಸೋಪು ಹಾಕಿ ಸ್ನಾನ ಆಗಲಿ. ಬೆನ್ನಿನ ಕೂದಲನ್ನು ಬ್ಲೇಡಿನಿಂದ ಹೆರೆಯಬಾರದು, ತೀರಾ ಬೇಕಾದರೆ ಕತ್ತರಿಸುವ ಯಂತ್ರ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ನಂಜು ತಡೆಯುವ ಆಂಟಿಬಯಾಟಿಕ್ ಕೊಯ್ಯುವುದಕ್ಕೆ ಮುಂಚೆ ಮೈಯಲ್ಲಿ ಇರಬೇಕು. ಅದೇ ಸಂಸ್ಥೆ 2008ರಲ್ಲಿ ಹೊರತಂದ ಆಪರೇಷನ್ ಪಟ್ಟಿಯಲ್ಲಿ ‘ಕಳೆದ 60 ನಿಮಿಷದೊಳಗೆ ಕೊಟ್ಟಿದ್ದೀರಾ’ ಅನ್ನುವ ಪ್ರಶ್ನೆ ಇದೆ. ಆಪರೇಷನ್ ಆದ ಮೇಲೆ ಸುಮ್ಮಸುಮ್ಮನೆ ದಿನಗಟ್ಟಲೆ ಆಂಟಿಬಯಾಟಿಕ್ ನುಂಗುವುದರಿಂದ ಈ ನಂಜು ತಡೆಯುವುದಿಲ್ಲ ಅಂತಲೂ ಅವರು ಹೇಳಿದ್ದಾರೆ.

ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್ ಇಡಿ. ದಿನಾ ಎರಡು ಸಾಲು: ನೋವು ಎಲ್ಲಿ, ಎಷ್ಟು, ರಾತ್ರಿ ನಿದ್ದೆ ಬಂತಾ, ಜ್ವರ ಇತ್ತಾ. ತಾಯಿ ಹೇಳಿದ್ದನ್ನು ತಾಯಿಯ ಮಾತಲ್ಲೇ ಬರೆಯಿರಿ. ಹೋದ ನೋವು ಮತ್ತೆ ಬಂದರೆ ಆ ಪುಸ್ತಕ ಹಿಡಿದುಕೊಂಡು ಹೋಗಿ, “ಡಾಕ್ಟ್ರೇ, ಸಿ.ಆರ್.ಪಿ. ಬರೆದುಕೊಡಿ” ಅಂತ ಮರ್ಯಾದೆಯಾಗಿ, ಗಟ್ಟಿಯಾಗಿ ಕೇಳಿ. ಕಾಲು ಸೋತರೆ, ಉಚ್ಚೆ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಗಂಟೆಗಳ ಲೆಕ್ಕದ ಕಾಯಿಲೆ. ನಡುರಾತ್ರಿಯಾದರೂ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೊರಡಿ.

ಕಾಗದ ಪತ್ರ ಬಿಡಬೇಡಿ. ಡಿಸ್‌ಚಾರ್ಜ್ ಚೀಟಿ, ಆಪರೇಷನ್ ಟಿಪ್ಪಣಿ, ಎಂ.ಆರ್.ಐ. ಫಿಲ್ಮು ಎಲ್ಲ ಒಂದು ಚೀಲದಲ್ಲಿ ಇರಲಿ. ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ರೋಗಿಯ ಹಕ್ಕುಗಳ ಪಟ್ಟಿಯೇ ಇದೆ, ದೂರು ಕೇಳುವುದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಇದೆ. ನಂಜು ಹತ್ತಿದ ಮಾತ್ರಕ್ಕೆ ಡಾಕ್ಟರು ತಪ್ಪಿತಸ್ಥರಲ್ಲ. ಎಲ್ಲ ಎಚ್ಚರ ವಹಿಸಿದರೂ ಕೆಲವರಿಗೆ ಅದು ಬರುತ್ತದೆ. ಹೋಗಿ ಹೋಗಿ ನೋವು ಅಂತ ಹೇಳಿದರೂ ಕೇಳದೆ ಕಳಿಸಿದರೆ ಅದು ತಪ್ಪು. ಈ ಎರಡರ ವ್ಯತ್ಯಾಸ ತಿಳಿದು ಮಾತಾಡಿದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಗೆಳೆಯರೇ, ನೀವು ಎಲ್ಲರೂ ಡಾಕ್ಟರಾಗಬೇಕಾಗಿಲ್ಲ. ಒಂದು ಚೀಟಿ ಓದುವುದಕ್ಕೆ, ಒಂದು ಪ್ರಶ್ನೆ ಕೇಳುವುದಕ್ಕೆ ನೀವು ಕಲಿತ ಅಕ್ಷರ ಸಾಕು. ಈ ಹಾಳೆಯನ್ನು ಓದಿ ಮಡಿಸಿಡಬೇಡಿ. ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸಿ. ರಜಕ್ಕೆ ಊರಿಗೆ ಹೋದಾಗ ಕೇರಿಯಲ್ಲಿ ಸೊಂಟದ ಬೆಲ್ಟು ಕಟ್ಟಿಕೊಂಡು ಮಲಗಿರುವವರು ಯಾರಿದ್ದಾರೆ ಅಂತ ವಿಚಾರಿಸಿ, ಹೋಗಿ ಪಕ್ಕದಲ್ಲಿ ಕೂತು ಕೇಳಿ: “ನೋವು ಹೆಂಗೈತೆ? ಮೊದ್ಲಿನಂಗೇ ಐತಾ, ಬೇರೆ ಥರ ಆಗೈತಾ?” ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಬರೆದುಕೊಳ್ಳಿ.